ಮಗುವಿನ ಪಕ್ಕ ಯಾರಿದ್ದರು? ಬೈಲಕುಪ್ಪೆಯಿಂದ ಬ್ರಹ್ಮಗಿರಿ ಹಾಡಿಯವರೆಗೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ನೀವು ನೋಡಿರುತ್ತೀರಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳನ್ನೂ ನೋಡಿರಬಹುದು. ಎರಡೂ ನಮ್ಮದೇ ಜಿಲ್ಲೆಯಲ್ಲಿವೆ. ನಡುವೆ ಹುಣಸೂರು ತಾಲ್ಲೂಕು ಮಾತ್ರ.

ಈ ಎರಡೂ ಕಡೆಯ ಜನ ಮನೆ ಕಳೆದುಕೊಂಡವರು. ಬೈಲಕುಪ್ಪೆಯ ಟಿಬೆಟನ್ನರು 1959ರ ನಂತರ ದೇಶ ಬಿಟ್ಟು ಬಂದರು. ಕೋಟೆಯ ಜೇನು ಕುರುಬ, ಬೆಟ್ಟ ಕುರುಬ, ಯರವರು 1970ರ ದಶಕದಿಂದ ತಮ್ಮ ಕಾಡಿನಿಂದ ಹೊರಬಿದ್ದರು. ಇಬ್ಬರ ಮಕ್ಕಳಿಗೂ ಶಾಲೆಯ ಭಾಷೆ ಮನೆಯ ಭಾಷೆಯಾಗಿರಲಿಲ್ಲ. ಇಬ್ಬರ ಕೈಯಲ್ಲೂ ದುಡ್ಡಿರಲಿಲ್ಲ. ಆದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಒಂದು ಕಡೆ ಬಹುತೇಕ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದರು. ಇನ್ನೊಂದು ಕಡೆ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಇವತ್ತಿಗೂ ಮುಗಿದಿಲ್ಲ.

ಏಕೆ ಹೀಗಾಯಿತು ಎಂದು ಕೇಳಿದರೆ ನಮ್ಮ ಕಡೆ ಎರಡು ಉತ್ತರ ಸಿಗುತ್ತವೆ. "ಅವರಿಗೆ ಫಾರಿನ್ ದುಡ್ಡು ಬರುತ್ತೆ" ಎನ್ನುವುದು ಒಂದು. "ಹಾಡಿ ಮಕ್ಕಳಿಗೆ ಓದು ಹತ್ತಲ್ಲ" ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ಸುಳ್ಳು. ಅದು ಏಕೆ ಸುಳ್ಳು ಎಂದು ಕೋಟೆ ತಾಲ್ಲೂಕಿನ ಇತಿಹಾಸವೇ ತೋರಿಸುತ್ತದೆ.

ರಸ್ತೆ ಕೆಲಸದ ಕ್ಯಾಂಪಿನ ಮಕ್ಕಳು

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಬಂದವರಿಗೆ ಮೊದಲು ಸಿಕ್ಕ ಕೆಲಸ ಗುಡ್ಡ ಕಡಿದು ರಸ್ತೆ ಮಾಡುವುದು. ಅಪ್ಪ ಅಮ್ಮ ಕಲ್ಲು ಒಡೆಯುತ್ತಿದ್ದರೆ ಮಕ್ಕಳು ರಸ್ತೆ ಪಕ್ಕದ ಡೇರೆಗಳಲ್ಲಿ ಇರುತ್ತಿದ್ದರು. ಕಾಯಿಲೆ, ಹಸಿವು, ಹವೆಯ ಬದಲಾವಣೆಗೆ ಅನೇಕ ಮಕ್ಕಳು ಸತ್ತರು.

1960ರ ಮೇ 17ರಂದು ಅಂಥ ಕ್ಯಾಂಪಿನಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ಅವರನ್ನು ನೋಡಿಕೊಳ್ಳಲು ನಿಂತವರು ದಲೈ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೆಮಾ ಆ ಕೆಲಸ ವಹಿಸಿಕೊಂಡು ನಲವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಹಾಗೆ ಬೆಳೆದದ್ದೇ ಟಿಬೆಟನ್ ಮಕ್ಕಳ ಗ್ರಾಮ. ಬೈಲಕುಪ್ಪೆಯಲ್ಲಿರುವ ಟಿಸಿವಿ ಶಾಲೆ ಅದರದೇ ಶಾಖೆ.

ಅಲ್ಲಿನ ಒಂದು ಪದ್ಧತಿ ನೋಡಬೇಕಾದ್ದು. ಮಕ್ಕಳನ್ನು ದೊಡ್ಡ ಹಾಲ್‌ನಲ್ಲಿ ಸಾಲಾಗಿ ಮಲಗಿಸುವ ಬದಲು 'ಮನೆ'ಗಳಾಗಿ ಹಂಚಿದರು. ಒಂದೊಂದು ಮನೆಗೂ ಒಬ್ಬ ತಾಯಿ. ಅಡುಗೆ, ಸ್ನಾನ, ಜ್ವರ, ಜಗಳ ಎಲ್ಲವೂ ಆ ತಾಯಿಯ ಕಣ್ಣ ಮುಂದೆ. ದೊಡ್ಡ ಮಕ್ಕಳು ಚಿಕ್ಕವರ ತಲೆ ಬಾಚಬೇಕು. ಊಟದ ಹೊತ್ತಿಗೆ ಒಂದು ಮಗು ಕಾಣದಿದ್ದರೆ "ಅವನೆಲ್ಲಿ?" ಎಂದು ಕೇಳುವವರು ಒಬ್ಬರಿದ್ದರು.

ಇನ್ನು ಬೈಲಕುಪ್ಪೆ. ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರ ಕೊನೆಯಿಂದ ಜನ ಬರತೊಡಗಿದರು. ದೇಶದಲ್ಲೇ ಟಿಬೆಟನ್ನರ ಮೊದಲ ದೊಡ್ಡ ವಸತಿ ಇದು. ಚಳಿಯಿಂದ ಬಂದವರು ನಮ್ಮ ಸೆಕೆಗೆ ಬಿದ್ದರು. ಕಾಡು ಕಡಿಯಬೇಕಿತ್ತು, ಆನೆ ಕಾಟ ತಡೆಯಬೇಕಿತ್ತು, ಮುಸುಕಿನ ಜೋಳ ಬೆಳೆಯುವುದನ್ನು ಹೊಸದಾಗಿ ಕಲಿಯಬೇಕಿತ್ತು. ಸುತ್ತಲಿನ ನಮ್ಮ ಊರಿನವರು ಜೊತೆಗೆ ಕೂಲಿ ಮಾಡಿದರು, ಬೇಸಾಯ ಕಲಿಸಿದರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಇಂಥ ವಸತಿ ಶುರುವಾಯಿತು.

ಶಾಲೆಯ ವಿಷಯಕ್ಕೆ ಬಂದರೆ, ಮನೆ ಕಟ್ಟಿ ಮುಗಿಯುವವರೆಗೆ ಯಾರೂ ಕಾಯಲಿಲ್ಲ. ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು, ಅಲ್ಲಿ ಹೊಸ ವಿದ್ಯೆಯ ಜೊತೆ ತಮ್ಮ ಭಾಷೆಯೂ ಇರಬೇಕು ಎಂದು ದಲೈ ಲಾಮಾ ನೆಹರೂ ಅವರನ್ನು ಕೇಳಿದ್ದರು. ನೆಹರೂ ಒಪ್ಪಿದರು. 1961ರಲ್ಲೇ ಕೇಂದ್ರ ಶಿಕ್ಷಣ ಸಚಿವಾಲಯ ಟಿಬೆಟನ್ ಶಾಲೆಗಳಿಗೆಂದು ಒಂದು ಸಂಸ್ಥೆ ಮಾಡಿತು.

ಹೊರಗಿನ ನೆರವು ಬಂದದ್ದು ನಿಜ. ಹೊರದೇಶದ ದಾನಿಗಳು ಒಂದೊಂದು ಮಗುವಿನ ಖರ್ಚು ಹೊತ್ತರು. ಆದರೆ ದುಡ್ಡು ಬರುವ ಮೊದಲೇ ಆ ಸಮುದಾಯದ ಹಿರಿಯರು "ಈ ಮಕ್ಕಳೇ ನಮ್ಮ ನಾಳೆ" ಎಂದು ತೀರ್ಮಾನಿಸಿದ್ದರು. ದೇಶದ ಪ್ರಧಾನಿಯೂ ಅದಕ್ಕೆ ಕಿವಿಗೊಟ್ಟಿದ್ದರು.

ಕಬಿನಿ ತುಂಬಿದ ವರ್ಷಗಳು

ಈಗ ಕೋಟೆ ಕಡೆಗೆ ಬರೋಣ. ಕಾಕನಕೋಟೆಯ ಖೆಡ್ಡಾ ಹೆಸರು ಕೇಳದವರು ಕಡಿಮೆ. ಕಾಡಾನೆ ಹಿಡಿಯುವ ಆ ಕೆಲಸ ಮಹಾರಾಜರ ಕಾಲದಲ್ಲಿ ದೊಡ್ಡ ಹಬ್ಬದಂತೆ ನಡೆಯುತ್ತಿತ್ತು. ದೊರೆಗಳು, ವೈಸರಾಯ್‌ಗಳು ಕೂತು ನೋಡುತ್ತಿದ್ದರು. ಆನೆಯ ದಾರಿ ಗೊತ್ತಿದ್ದವರು ಮಾತ್ರ ಕಾಡಿನ ಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು.

ಅದೇ ಕಡೆಯ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮಗ ಹುಟ್ಟಿದ. ಹೆಸರು ಸಾಬು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡು ಅರಮನೆಯ ಆನೆ ಲಾಯದಲ್ಲಿ ಬೆಳೆಯುತ್ತಿದ್ದ. ಸಿನಿಮಾ ತೆಗೆಯಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಚಿತ್ರ ಬಂತು. ಕೋಟೆಯ ಅನಾಥ ಹುಡುಗ ಹಾಲಿವುಡ್ ನಟನಾದ. ಈ ಕಥೆ ಹೇಳಿ ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದ್ದೇ. ಆದರೆ ಅದೇ ಲಾಯದಲ್ಲಿ ಇದ್ದ ಉಳಿದ ಹುಡುಗರು ಏನಾದರು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಒಂದು ಮಗುವಿಗೆ ಅದೃಷ್ಟ ಸಿಕ್ಕರೆ ಅದು ಸುದ್ದಿಯಾಗುತ್ತದೆ. ಎಲ್ಲ ಮಕ್ಕಳಿಗೂ ದಾರಿ ಸಿಗಬೇಕಾದರೆ ಅದೃಷ್ಟ ಸಾಲದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಬೀಚನಹಳ್ಳಿ ಬಳಿ ಕಬಿನಿ ಅಣೆಕಟ್ಟೆ ಮುಗಿಯಿತು. ಖೆಡ್ಡಾದ ಜಾಗವೂ, ಹಳ್ಳಿಗಳೂ, ಕಾಡಿನ ದೊಡ್ಡ ಭಾಗವೂ ಹಿನ್ನೀರಿನಲ್ಲಿ ಮುಳುಗಿದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ನಾಲೆಯ ನೀರು ಕೆಳಗಿನ ಗದ್ದೆಗಳಿಗೆ ಹೋಯಿತು, ಹುಲಿ ಉಳಿಯಿತು. ಎರಡೂ ಬೇಕಾದ್ದೇ. ಆದರೆ ಜೇನು, ಗೆಡ್ಡೆ, ಸೊಪ್ಪು ನಂಬಿ ಬದುಕುತ್ತಿದ್ದ ಜನ ಕಾಡಂಚಿನಲ್ಲಿ ಕೂಲಿಯವರಾದರು. ಹೈಕೋರ್ಟ್ ಆದೇಶದಂತೆ ಪ್ರೊ. ಮುಜಾಫರ್ ಅಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಬಿದ್ದು ಸರಿಯಾದ ಪುನರ್ವಸತಿ ಸಿಗದ ಕುಟುಂಬಗಳು 3,418 ಎಂದು ಆ ವರದಿ ಲೆಕ್ಕ ಹಾಕಿತು.

ಊರು ಕಟ್ಟಿಕೊಡುವುದು ನಮ್ಮ ಸರ್ಕಾರಗಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಎಡತೊರೆಗೆ ಕಾವೇರಿ ನೆರೆಯ ಕಾಟ ಹೆಚ್ಚಾದಾಗ ನಾಲ್ವಡಿಯವರ ಕಾಲದಲ್ಲಿ ಹೊಸ ಪಟ್ಟಣವನ್ನೇ ಕಟ್ಟಿದರು. ಅದೇ ಇವತ್ತಿನ ಕೆ.ಆರ್. ನಗರ. ಬೈಲಕುಪ್ಪೆಯಲ್ಲೂ ಜಾಗ ಅಳೆದು ಕೊಟ್ಟರು. ಹಾಡಿಯವರ ಸರದಿ ಬಂದಾಗ ಮಾತ್ರ ಆ ವಿದ್ಯೆ ಮರೆತುಹೋಯಿತು.

ಕೊಟ್ಟಿಗೆಯಲ್ಲಿ ಶುರುವಾದ ಶಾಲೆ

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಮುಂದಾಳು ಆರ್. ಬಾಲಸುಬ್ರಹ್ಮಣ್ಯಂ. ಓದು ಮುಗಿಸಿ ಕೆಲವರು ಕೋಟೆ ತಾಲ್ಲೂಕಿಗೆ ಬಂದರು. ಬಂದದ್ದು ಡಾಕ್ಟರ್‌ಗಳಾಗಿ. ಗುಳಿಗೆ ಕೊಟ್ಟು ಜ್ವರ ಇಳಿಸಬಹುದು, ಆದರೆ ಮತ್ತೆ ಅದೇ ಮಗು ಅದೇ ಕಾಯಿಲೆಗೆ ಬರುತ್ತದೆ. ಬರೀ ಔಷಧಿಯಿಂದ ಆಗುವ ಕೆಲಸ ಇದಲ್ಲ ಎಂದು ಅವರಿಗೆ ಗೊತ್ತಾಯಿತು.

1980ರ ದಶಕದ ಕೊನೆಯಲ್ಲಿ ಬ್ರಹ್ಮಗಿರಿ ಹಾಡಿಯ ಒಂದು ದನದ ಕೊಟ್ಟಿಗೆಯಲ್ಲಿ ಕೆಲವೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ಮುಂದೆ ಅದು ಹೊಸಹಳ್ಳಿಗೆ ಬಂದು ವಸತಿ ಶಾಲೆಯಾಯಿತು. ಇವತ್ತು ವಿವೇಕ ಗಿರಿಜನ ಕಲಿಕಾ ಕೇಂದ್ರ ಎಂದರೆ ಕೋಟೆ, ಸರಗೂರು ಕಡೆ ಎಲ್ಲರಿಗೂ ಗೊತ್ತು. ಅಲ್ಲಿ ಓದುವುದು ಹಾಡಿಗಳ ಮಕ್ಕಳು. ಅಲ್ಲಿಂದ ಎಸ್ಸೆಸ್ಸೆಲ್ಸಿ ದಾಟಿದವರು, ಕಾಲೇಜಿಗೆ ಹೋದವರು, ನರ್ಸ್, ಶಿಕ್ಷಕರಾದವರು ಇದ್ದಾರೆ. "ಹಾಡಿ ಮಕ್ಕಳಿಗೆ ಓದು ಹತ್ತಲ್ಲ" ಎಂಬ ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಆ ಹೊತ್ತಿಗೆ ಹಾಡಿಗಳಿಗೆ ಸರ್ಕಾರದ ಆಶ್ರಮ ಶಾಲೆಗಳು ಇದ್ದವು. ಕಟ್ಟಡ ಇತ್ತು, ಊಟ ಇತ್ತು, ಬಟ್ಟೆ ಇತ್ತು. ಕೊಟ್ಟಿಗೆಯಲ್ಲಿ ಇವು ಯಾವುವೂ ಇರಲಿಲ್ಲ. ಆದರೆ ಪಾಠ ಹೇಳುವವರು ಅಲ್ಲೇ ಉಳಿದರು. ಮಗು ಬಾರದಿದ್ದರೆ ಹಾಡಿಗೆ ಹೋದರು. ಮನೆಯವರ ಜೊತೆ ಕೂತರು. ಮಗುವಿಗೆ ಬರುವ ಮಾತು, ಹಾಡು, ಗಿಡಮರದ ತಿಳಿವಳಿಕೆಯನ್ನು ಪಾಠಕ್ಕೆ ಸೇರಿಸಿಕೊಂಡರು. ಹಾಗಾಗಿ ಕೊಟ್ಟಿಗೆ ಸಾಕಾಯಿತು.

ಹುಣಸೂರಿನಲ್ಲೂ ಇಂಥ ಕೆಲಸ ನಡೆದಿದೆ. ಎಸ್. ಶ್ರೀಕಾಂತ್ ಅವರ ಡೀಡ್ ಸಂಸ್ಥೆ ದಶಕಗಳಿಂದ ಆದಿವಾಸಿಗಳ ಹಕ್ಕು, ಪುನರ್ವಸತಿ, ಶಿಕ್ಷಣಕ್ಕೆ ದನಿ ಎತ್ತುತ್ತಾ ಬಂದಿದೆ. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆ, ಜಮೀನು ಕೊಟ್ಟ ಮೇಲೂ ಮಕ್ಕಳು ಶಾಲೆ ಬಿಡುವುದು ನಿಲ್ಲಲಿಲ್ಲ ಎಂಬುದನ್ನು ಅಲ್ಲಿ ಓಡಾಡಿದವರೆಲ್ಲ ಬಲ್ಲರು.

ಒಂದು ಎಚ್ಚರಿಕೆಯ ಮಾತೂ ಇಲ್ಲಿ ಬೇಕು. ವಸತಿ ಶಾಲೆ ಎಂದರೆ ಮಗು ಅಪ್ಪ ಅಮ್ಮನಿಂದ ದೂರ. ಜೇನು ಕುರುಬರಲ್ಲಿ ಮಗು ಕಾಡು ಕಲಿಯುವುದು ಅಜ್ಜನ ಹಿಂದೆ ನಡೆದು. ಆ ಕಲಿಕೆಗೆ ಪರೀಕ್ಷೆ ಇಲ್ಲ, ಆದರೆ ಅದೂ ವಿದ್ಯೆ. ಶಾಲೆ ಆ ಅಜ್ಜನನ್ನು ದಡ್ಡ ಎಂದು ತೋರಿಸಿದರೆ ಮಗುವಿಗೆ ಸಿಕ್ಕಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಒಳ್ಳೆಯ ಶಾಲೆ ಮನೆಯ ಹಿರಿಯರ ಜೊತೆ ಇನ್ನೊಬ್ಬ ಹಿರಿಯರನ್ನು ಸೇರಿಸುತ್ತದೆ, ಅವರನ್ನು ತೆಗೆದುಹಾಕುವುದಿಲ್ಲ.

ಕಾನೂನು ಬಾಗಿಲು ತೆರೆಯಿತು

ಸರ್ಕಾರ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣ ಕಾನೂನು ತಂದು ಕೆಲವು ಕಡೆ ಶಾಲೆ ಕಡ್ಡಾಯ ಮಾಡಿತು. 1915ರಲ್ಲಿ ಸರ್ಕಾರಿ ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕು ಎಂದು ಆದೇಶವಾಯಿತು. ಅನೇಕ ಊರುಗಳಲ್ಲಿ ವಿರೋಧ ಬಂತು. ಕಾಗದದ ಮೇಲೆ ಬಾಗಿಲು ತೆರೆಯಿತು, ಜಗುಲಿಯ ಮೇಲೆ ಕೂರಿಸುವುದು ಎಷ್ಟೋ ಕಡೆ ಹಾಗೇ ಉಳಿಯಿತು. ದಲಿತ ಮಗುವನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಲು ಆದೇಶದ ಜೊತೆ ಒಬ್ಬ ಗಟ್ಟಿ ಮೇಷ್ಟ್ರೂ ಬೇಕಿತ್ತು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ಅದರ ವರದಿ ಬಂತು. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು, ವಿದ್ಯಾರ್ಥಿವೇತನ ಹೆಚ್ಚಿದವು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮೊದಲ ತಲೆಮಾರಿನ ಮೇಷ್ಟ್ರು, ಗುಮಾಸ್ತರು, ಇಂಜಿನಿಯರ್‌ಗಳನ್ನು ಕೇಳಿ ನೋಡಿ. ಬಹಳಷ್ಟು ಜನ ಹಾಸ್ಟೆಲ್ ಅನ್ನದ ಋಣ ನೆನೆಯುತ್ತಾರೆ. ಅನ್ನದ ಜೊತೆ ಒಬ್ಬ ವಾರ್ಡನ್, ಒಬ್ಬ ಅಡುಗೆಯವರು, ಅರ್ಜಿ ತುಂಬಿಕೊಟ್ಟ ಒಬ್ಬ ಮೇಷ್ಟ್ರ ಹೆಸರನ್ನೂ ಹೇಳುತ್ತಾರೆ.

1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ಶುರುವಾದದ್ದೂ ನಮ್ಮ ಜಿಲ್ಲೆಯ ಟಿ. ನರಸೀಪುರದಲ್ಲಿ. 2002-03ರಲ್ಲಿ ಅಕ್ಷರ ದಾಸೋಹ ಬಂತು, 2013ರಲ್ಲಿ ಕ್ಷೀರಭಾಗ್ಯ. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕಾಯಿತು. ಹೊಟ್ಟೆಗೆ ಅನ್ನ, ತಲೆಯ ಮೇಲೆ ಸೂರು, ಕೈಗೆ ಪುಸ್ತಕ, ಇವಿಷ್ಟು ಕಾನೂನಿನಿಂದ ಬಂದವು. "ನಿನ್ನಿಂದ ಆಗುತ್ತೆ, ನಾನಿದ್ದೀನಿ" ಎಂಬ ಮಾತು ಮಾತ್ರ ಮನುಷ್ಯರ ಬಾಯಿಂದಲೇ ಬರಬೇಕು.

ಕವಾಯಿ ದ್ವೀಪದ ಲೆಕ್ಕ

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕಕ್ಕೆ ಸೇರಿದ ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಸಂಶೋಧಕಿಯರು ದಶಕಗಳ ಕಾಲ ಹಿಂಬಾಲಿಸಿದರು. ಅದೂ ಕಬ್ಬು, ಅನಾನಸ್ ತೋಟಗಳ ಕೂಲಿಕಾರರ ಊರು. ಬಡತನ, ಕುಡಿತ, ಮನೆ ಜಗಳದಂಥ ಹಲವು ಕಷ್ಟಗಳ ನಡುವೆ ಹುಟ್ಟಿದ ಮಕ್ಕಳು ಸುಮಾರು ಮೂರರಲ್ಲಿ ಒಂದು ಪಾಲು. ಅವರಲ್ಲಿ ಮತ್ತೆ ಮೂರರಲ್ಲೊಬ್ಬರು ದೊಡ್ಡವರಾದಾಗ ಚೆನ್ನಾಗಿಯೇ ಬಾಳಿದರು.

ಅವರಿಗೆ ಇದ್ದದ್ದೇನು? ಹಲವು ಕಾರಣಗಳು ಕಂಡವು. ಅವುಗಳಲ್ಲಿ ಮುಖ್ಯವಾದ ಒಂದು, ಮಗುವನ್ನು ಬಿಡದೆ ಹಿಡಿದುಕೊಂಡ ಕನಿಷ್ಠ ಒಬ್ಬ ದೊಡ್ಡವರು. ಅದು ಅಜ್ಜಿಯಾಗಿರಬಹುದು, ಅಕ್ಕನಾಗಿರಬಹುದು, ನೆರೆಯವರು ಅಥವಾ ಟೀಚರ್ ಆಗಿರಬಹುದು. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸಿ.ಆರ್. ಸ್ನೈಡರ್ ಭರವಸೆ ಎಂದರೇನು ಎಂದೇ ಅಧ್ಯಯನ ಮಾಡಿದರು. ಅವರ ಪ್ರಕಾರ ಆಸೆ ಇದ್ದರೆ ಸಾಲದು. ಗುರಿ ಬೇಕು, ಅಲ್ಲಿಗೆ ಹೋಗುವ ದಾರಿ ಕಾಣಬೇಕು, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಎಂಬ ಧೈರ್ಯ ಬೇಕು. ನಮ್ಮ ಹಾಡಿಯ ಹುಡುಗಿಗೆ ನರ್ಸ್ ಆಗುವ ಆಸೆ ಇರುತ್ತದೆ. ಆದರೆ ಎಸ್ಸೆಸ್ಸೆಲ್ಸಿ ನಂತರ ಯಾವ ಕಾಲೇಜು, ಯಾವ ಅರ್ಜಿ, ಜಾತಿ ಪ್ರಮಾಣಪತ್ರ ಎಲ್ಲಿ, ಹಾಸ್ಟೆಲ್ ಎಲ್ಲಿ? ಇದನ್ನು ತೋರಿಸುವವರಿಲ್ಲದಿದ್ದರೆ ಆ ಆಸೆ ಕಾಫಿ ತೋಟದ ಜೀಪು ಹತ್ತುತ್ತದೆ.

ಈ ವರ್ಷದ ಸುಗ್ಗಿ

ನಮ್ಮ ಕಡೆ ಮಕ್ಕಳು ಶಾಲೆಯಿಂದ ಜಾರುವುದು ಯಾವಾಗ ಎಂದು ನಮಗೆಲ್ಲ ಗೊತ್ತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್‌ಗೆ ಏರಿಸುವ ತಿಂಗಳುಗಳು. ಕೆ.ಆರ್. ನಗರ ಕಡೆ ನಾಟಿ, ಕಬ್ಬಿನ ಕಟಾವು. ಕೋಟೆ ಹಾಡಿಗಳಿಂದ ಕುಟುಂಬವೇ ಕೊಡಗಿನ ತೋಟಕ್ಕೆ ಹೋಗುವ ಕಾಲ. ಮಗು ಹದಿನೈದು ದಿನ ಬರುವುದಿಲ್ಲ. ಬಂದಾಗ ಪಾಠ ಮುಂದೆ ಹೋಗಿರುತ್ತದೆ. ನಾಚಿಕೆಯಿಂದ ಹಿಂದಿನ ಬೆಂಚು, ಆಮೇಲೆ ಗೇಟಿನ ಹೊರಗೆ. ಯಾರೂ ಅದನ್ನು ಹೊರಗೆ ಹಾಕಿರುವುದಿಲ್ಲ. ಯಾರೂ ವಾಪಸ್ ಕರೆದೂ ಇರುವುದಿಲ್ಲ.

ಜಾರುವ ಇನ್ನೊಂದು ಜಾಗ ತರಗತಿ ಬದಲಾಗುವಾಗ. ಹಾಡಿಯ ಶಾಲೆ ಐದನೆಯದಕ್ಕೋ ಏಳನೆಯದಕ್ಕೋ ಮುಗಿಯುತ್ತದೆ. ಮುಂದಿನ ಶಾಲೆ ದೂರ, ಹೊಸ ಮುಖಗಳು. ಅಲ್ಲಿ ಮೊದಲ ವಾರ ಮಗುವಿನ ಜೊತೆ ಒಬ್ಬರು ಹೋಗಿ ಬಂದರೆ ಆ ವರ್ಷ ಉಳಿಯುತ್ತದೆ.

ನಮ್ಮಿಂದ ಆಗುವುದು ದೊಡ್ಡದೇನಲ್ಲ:

• ನಿಮ್ಮ ಬೀದಿಯಲ್ಲಿ ವಾರದಿಂದ ಶಾಲೆಗೆ ಹೋಗದ ಮಗು ಯಾವುದು ಎಂದು ಗುರುತಿಡಿ. ಬೈಯಬೇಡಿ, ಏಕೆ ಎಂದು ಕೇಳಿ. ಮೇಷ್ಟ್ರಿಗೆ ಒಂದು ಮಾತು ತಿಳಿಸಿ.
• ಎಸ್‌ಡಿಎಂಸಿಯಲ್ಲಿ ಇದ್ದರೆ ಸಭೆಯಲ್ಲಿ ಕಾಂಪೌಂಡ್, ಬಣ್ಣದ ಮಾತಿಗೆ ಮೊದಲು ಗೈರುಹಾಜರಿ ಪಟ್ಟಿ ಓದಿಸಿ.
• ಕಾಲೇಜು ಓದಿದವರಾಗಿದ್ದರೆ ಊರಿನ ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಒಬ್ಬರಿಗೆ ಅರ್ಜಿ, ಪ್ರಮಾಣಪತ್ರ, ಸ್ಕಾಲರ್‌ಶಿಪ್‌ಗೆ ಜೊತೆಯಾಗಿ. ಒಬ್ಬರಿಗೆ ಸಾಕು.
• ಮಗುವನ್ನು ದುಡಿಸುವುದೋ, ಬಾಲ್ಯವಿವಾಹವೋ, ಹೊಡೆತ ಬಡಿತವೋ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.
• ಮಗುವಿನ ಮುಂದೆ "ಇವನ ತಲೆಗೆ ಹತ್ತಲ್ಲ" ಎನ್ನಬೇಡಿ. ಮಗು ಅದನ್ನು ನಂಬುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಜೇನು ಕುರುಬರು ಸುಮಾರು 36 ಸಾವಿರ. ಕೊರಗರ ಜೊತೆ ರಾಜ್ಯದ ಎರಡೇ ಎರಡು ಅತಿ ದುರ್ಬಲ ಬುಡಕಟ್ಟುಗಳಲ್ಲಿ ಅವರದು ಒಂದು. ಹೆಚ್ಚಿನವರು ಇರುವುದು ನಮ್ಮ ಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಪಕ್ಕದ ಕೊಡಗಿನಲ್ಲಿ. ಇಷ್ಟು ಚಿಕ್ಕ ಸಮುದಾಯದಲ್ಲಿ ಪ್ರತಿ ಮಗುವಿಗೂ ಒಬ್ಬ ದೊಡ್ಡವರು ಜೊತೆ ನಿಲ್ಲುವುದು ಆಗದ ಕೆಲಸವಲ್ಲ. ದೇಶ ಕಳೆದುಕೊಂಡು ಬಂದವರು ಬೈಲಕುಪ್ಪೆಯಲ್ಲಿ ಅದನ್ನು ಮಾಡಿದರು. ಕಾಲೇಜು ಮುಗಿಸಿದ ಹುಡುಗರು ಬ್ರಹ್ಮಗಿರಿಯ ಕೊಟ್ಟಿಗೆಯಲ್ಲಿ ಮಾಡಿದರು. ಈ ಸಲ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ನಿಮ್ಮೂರ ಶಾಲೆಯ ಹಾಜರಿ ಪುಸ್ತಕ ನೋಡಿ. ಯಾವ ಹೆಸರಿನ ಮುಂದೆ ಗೈರು ಎಂದು ಸಾಲಾಗಿ ಬಿದ್ದಿದೆಯೋ ಆ ಮಗುವಿನ ಮನೆ ನಿಮಗೆ ಗೊತ್ತಿದೆ.